ಹೊಸ್ತಿಲಾಚೆಯ ಕೆಮ್ಮು

ಮುರಿಗೆಪ್ಪನ ಕೆಮ್ಮಿಗೆ ಒಂದು ಕಾಲದಲ್ಲಿ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು ಎಂದರೆ ಸ್ವಲ್ಪ ಹೆಚ್ಚಾದೀತು. ಅವನ ಮನೆಯಂತೂ ಎದ್ದು ನಿಲ್ಲುತ್ತಿತ್ತು. ರೋಣದ ಕಡೆಯ ಹಳ್ಳಿಯವನು. ಗದಗಿನ ಅರಳೆ ಮಿಲ್ಲೊಂದರಲ್ಲಿ ಮೂವತ್ನಾಲ್ಕು ವರ್ಷ ಹತ್ತಿಯ ಧೂಳಿನ ನಡುವೆ ದುಡಿದವನು. ಶನಿವಾರ ಸಂಜೆ ಊರಿಗೆ ಬಂದು ಓಣಿಯ ತುದಿಯಲ್ಲಿ ಒಮ್ಮೆ ಕೆಮ್ಮಿದನೆಂದರೆ ಹೆಂಡತಿ ಈರವ್ವ ಚಹಾಕ್ಕೆ ನೀರಿಡುತ್ತಿದ್ದಳು. ತಲೆಬಾಗಿಲಲ್ಲಿ ಇನ್ನೊಮ್ಮೆ ಕೆಮ್ಮಿದನೆಂದರೆ ತಮ್ಮನ ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಡುಗೆಮನೆಗೆ ಸರಿಯುತ್ತಿದ್ದಳು. ಆಮೇಲೆ ಐದು ಎಣಿಸುವಷ್ಟು ಹೊತ್ತು ಬಿಟ್ಟು ಅವನು ಒಳಗೆ ಕಾಲಿಡುತ್ತಿದ್ದ.

ಇದು ರೋಗವಲ್ಲ, ರೀತಿ. ಆ ಕಡೆಯ ಹಿರಿಯ ಗಂಡಸರು ಮನೆಗೆ ಬಂದಾಗ ಬಾಯಿಬಿಟ್ಟು ‘ನಾನು ಬಂದೆ’ ಎನ್ನುವುದಿಲ್ಲ, ಕೆಮ್ಮುತ್ತಾರೆ. ಕೂದಲು ಬಿಚ್ಚಿದವರು ಕಟ್ಟಿಕೊಳ್ಳಲಿ, ಸೆರಗು ಜಾರಿದವರು ಸರಿಪಡಿಸಿಕೊಳ್ಳಲಿ, ಮಾವನನ್ನೇ ಆಡಿಕೊಳ್ಳುತ್ತಿದ್ದವರು ಮಾತು ಬದಲಿಸಲಿ ಎಂದು ಕೊಡುವ ವೇಳೆ ಅದು. ಮುರಿಗೆಪ್ಪ ಈ ವಿದ್ಯೆಯಲ್ಲಿ ಪಳಗಿದವನು. ಹೆಂಗಸರಿಗೆ ಒಂದು ಕೆಮ್ಮು, ನಾಯಿಗೆ ಒಂದು, ಕಟ್ಟೆಯ ಮೇಲೆ ಕೂತವರ ವಾದ ಕಡಿಯಲು ಇನ್ನೊಂದು. ಮಿಲ್ಲಿನ ಯಂತ್ರಗಳ ಗದ್ದಲದಲ್ಲೂ ಅವನ ಕೆಮ್ಮು ಬೇರೆಯೇ ಕೇಳುತ್ತದೆ ಎಂದು ಜತೆಯವರು ಹೇಳುತ್ತಿದ್ದರು. ಅವರು ಹೇಳಿದ್ದನ್ನು ಅವನು ನಂಬಿದ್ದ, ಅದರ ಮೇಲೆ ಒಂದಿಷ್ಟು ಜಂಬವನ್ನೂ ಬೆಳೆಸಿಕೊಂಡಿದ್ದ.

ಈರವ್ವ ತೀರಿಕೊಂಡ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ, ಮಗ ಮಹಾಲಿಂಗಪ್ಪ ಅಪ್ಪನನ್ನು ಯಶವಂತಪುರಕ್ಕೆ ಕರೆತಂದ. ಮಗನಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಮನೆ ಮುನಿಗಂಗಮ್ಮನ ವಠಾರದಲ್ಲಿ. ಯಶವಂತಪುರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಹೆಂಗಸು ಆಕೆ. ಗಂಡ ರಾಗಿ ಬೆಳೆಯುತ್ತಿದ್ದ ನೆಲದಲ್ಲೇ ಸಾಲಾಗಿ ಏಳು ಮನೆ ಕಟ್ಟಿಸಿ, ನಡುವೆ ಒಂದು ನಲ್ಲಿ ಹಾಕಿಸಿದ್ದಳು. ಒಂದೊಂದು ಮನೆಗೂ ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ. ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಎಬ್ಬಿಸಿದರೆ ಅದೇ ಬಚ್ಚಲು, ಅದಕ್ಕೊಂದು ಹಳೇ ಸೀರೆಯ ಪರದೆ. ಮುಂಬಾಗಿಲಲ್ಲಿ ನಿಂತವರ ಕಣ್ಣಿಗೆ ಆ ಪರದೆಯವರೆಗೂ ಅಡ್ಡಿಯೆಂಬುದಿಲ್ಲ.

ಎರಡು ವರ್ಷದ ಮೇಲೆ ನರಗುಂದದ ಕಡೆಯಿಂದ ಸಂಗವ್ವ ಸೊಸೆಯಾಗಿ ಬಂದಳು. ಬಂದ ವಾರವೇ ಮಧ್ಯಾಹ್ನ ಒಳಗಿನಿಂದ ಚಿಲಕ ಹಾಕಿಕೊಂಡಳು. ಅದು ಮುರಿಗೆಪ್ಪನಿಗೆ ಸರಿಬರಲಿಲ್ಲ. ಹಾಗೆಂದು ಅವಳಿಗೇ ಹೇಳುವಂತಿಲ್ಲ, ಮಾವ ಸೊಸೆ ನೇರ ಮಾತಾಡುವ ಪದ್ಧತಿ ಅವರಲ್ಲಿಲ್ಲ. ಅವಳ ಕಿವಿಗೆ ಬೀಳುವಂತೆ ಮಗನಿಗೆ ಹೇಳಿದ.

“ಹಗಲೊತ್ತಿನಾಗ ಬಾಗಲಾ ಹಾಕ್ಕೊಂಡ ಮನೀ ಅಂದ್ರ ನಾಕ ಮಂದಿ ನಾಕ ಮಾತ ಆಡ್ತಾರ. ನಮ್ಮ ಮನ್ಯಾಗ ಎಂದೂ ಹಾಕಿಲ್ಲ. ನನ್ನ ಕೆಮ್ಮ ಐತಲ್ಲ, ಅದ ಚಿಲಕ.”

ಅಂದಿನಿಂದ ಹಗಲಲ್ಲಿ ಚಿಲಕ ಬೀಳಲಿಲ್ಲ. ಮಾವನಿಗೆ ಏನಾದರೂ ಹೇಳಬೇಕಾದರೆ ಸೆರಗು ಹಣೆಯವರೆಗೆ ಎಳೆದುಕೊಂಡು “ರೊಟ್ಟಿ ಆಗ್ಯಾವು” ಎಂದು ಗೋಡೆಗೆ ಹೇಳುತ್ತಿದ್ದಳು. ಮಾವ “ಬಂದ್ನಿ” ಎಂದು ಅದೇ ಗೋಡೆಗೆ ಉತ್ತರ ಕೊಡುತ್ತಿದ್ದ. ನಾಲ್ಕು ವರ್ಷ ಆ ಗೋಡೆ ಇಬ್ಬರ ನಡುವೆ ಚೆನ್ನಾಗಿಯೇ ಕೆಲಸ ಮಾಡಿತು.

ಮುದುಕರ ಕೆಮ್ಮು ಜೋರಾದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಕಡಿಮೆಯಾದರೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಾರೆ. ಎಂಬತ್ತಮೂರರ ಹೊತ್ತಿಗೆ ಮುರಿಗೆಪ್ಪನಿಗೆ ಎಪ್ಪತ್ತಾಗಿತ್ತು. ಮಾರ್ಕೆಟ್ಟಿನವರೆಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದ. ಒಂದೇ ಮಾತನ್ನು ಎರಡು ತುಂಡು ಮಾಡಿ, ನಡುವೆ ಉಸಿರೆಳೆದುಕೊಂಡು ಆಡುತ್ತಿದ್ದ. ಆದರೂ “ಬೆಂಗಳೂರ ಗಾಳಿ ಒಗ್ಗಿತು ನೋಡ್ರಿ, ಕೆಮ್ಮ ಎಷ್ಟ ಕಡಿಮಿ ಆಗೇತಿ” ಎಂದು ವಠಾರದವರ ಮುಂದೆ ಹೇಳಿಕೊಂಡ. ಕಡಿಮೆಯಾಗಿರುವುದು ಕೆಮ್ಮಲ್ಲ, ಕೆಮ್ಮುವ ಬಲ ಎಂದು ಯಾರಿಗೂ ಹೊಳೆಯಲಿಲ್ಲ. ಅವನಿಗೂ ಹೊಳೆಯಲಿಲ್ಲ. ಹೊಸ್ತಿಲ ಹೊರಗೆ ನಿಂತು ಅವನು ಕೆಮ್ಮಿದಾಗ ಎದೆಯೊಳಗೆ ಅದು ಎಂದಿನಂತೆಯೇ ಗುಡುಗುತ್ತಿತ್ತು. ಆ ಗುಡುಗು ಎದೆ ದಾಟಿ ಹೊರಗೆ ಬರುತ್ತಿಲ್ಲ ಎಂದು ಅವನಿಗೆ ತಿಳಿಯುವುದಾದರೂ ಹೇಗೆ?

ಆ ವರ್ಷ ಯುಗಾದಿ ಕಳೆದ ಮೇಲೆ, ಒಂದು ಬುಧವಾರ, ಅವನು ಹನ್ನೊಂದೂವರೆಗೆ ಮನೆಗೆ ಬಂದ. ಬಾಗಿಲನ್ನು ಚಿಲಕವಿಲ್ಲದೆ ಸುಮ್ಮನೆ ಮುಂದಕ್ಕೆಳೆದಿತ್ತು. ಪದ್ಧತಿಯಂತೆ ಕೆಮ್ಮಿದ, ಐದು ಎಣಿಸಿದ, ಬಾಗಿಲು ತಳ್ಳಿದ. ಸಂಗವ್ವ ಎರೆದುಕೊಂಡು ಪರದೆಯಿಂದ ಆಚೆ ಬಂದಿದ್ದಳು, ಎದೆಗೆ ಕಟ್ಟಿದ ಒದ್ದೆ ಲಂಗದಲ್ಲಿ ನಿಂತು ಕೂದಲು ಹಿಂಡುತ್ತಿದ್ದಳು. “ಯವ್ವಾ” ಎಂದು ಪರದೆಯ ಹಿಂದೆ ಕುಸಿದು ಕೂತಳು. ಮುರಿಗೆಪ್ಪ ಬೆನ್ನು ತಿರುಗಿಸಿ, ಚಪ್ಪಲಿಯನ್ನೂ ಮರೆತು, ನಲ್ಲಿಯವರೆಗೆ ಬರಿಗಾಲಲ್ಲಿ ನಡೆದ. ನೀರಿನ ಸದ್ದಿನಲ್ಲಿ ಪಾಪ ಕೇಳಿಸಲಿಲ್ಲವೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಐದನೆಯ ದಿನಕ್ಕೆ ಮತ್ತೆ ಅದೇ ಆಯಿತು. ಈ ಸಲ ನೀರಿನ ಸದ್ದಿರಲಿಲ್ಲ. ಅವನು ಎರಡು ಸಲ ಕೆಮ್ಮಿದ್ದ. ಸಂಗವ್ವ ಬಾಗಿಲಿಗೆ ಎದುರಾಗಿ ಕೂತು ಎಂಟು ತಿಂಗಳ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವಳು ಕೂಗಲಿಲ್ಲ. ಸೆರಗೆಳೆದುಕೊಂಡು, ಅದರ ಅಂಚಿನ ಮೇಲಿನಿಂದ ಮಾವನ ಮುಖವನ್ನು ನೋಡಿದಳು. ನಾಲ್ಕು ವರ್ಷದಲ್ಲಿ ಅವಳು ಅವನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ, ಹೇಸಿಗೆ ಇತ್ತು.

ಮರುದಿನ ಬಾಗಿಲಿಗೆ ಚಿಲಕ ಬಿತ್ತು. ಮುರಿಗೆಪ್ಪ ಹೊರಗೆ ಬಿಸಿಲಲ್ಲಿ ನಿಂತ. ಬಾಗಿಲು ಬಡಿಯಲು ಕೈ ಏಳಲಿಲ್ಲ. ಬಡಿದರೆ ಯಾಕೆ ಹಾಕಿದೆ ಎಂದು ಕೇಳಿದಂತಾಗುತ್ತದೆ, ಯಾಕೆ ಎಂದು ಅವನಿಗೆ ಗೊತ್ತೇ ಇತ್ತು. ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದ ಹೆಂಗಸರು ನೋಡಿದರು. ಮುನಿಗಂಗಮ್ಮ ತನ್ನ ಜಗಲಿಯಿಂದಲೇ ಕೇಳಿದಳು.

“ಯಾಕ್ ತಾತ ಇಂಗೆ ಬಿಸ್ಲಾಗೆ ನಿಂತಿದ್ದೀರ? ಒಳಕ್ ಓಗ್ಬಾರ್ದಾ?”

“ಗಾಳಿಗೆ ನಿಂತೀನವ್ವಾ,” ಎಂದ. ಏಪ್ರಿಲ್ ಮಧ್ಯಾಹ್ನದಲ್ಲಿ ಯಾವ ಗಾಳಿಯೋ, ಮುನಿಗಂಗಮ್ಮ ಕೇಳಲಿಲ್ಲ.

ಆ ವಾರವೇ ಮಹಾಲಿಂಗಪ್ಪ ಡ್ಯೂಟಿ ಮುಗಿಸಿ ಬಂದವನು ಅಪ್ಪನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. ಒಳ್ಳೆಯ ಮಗ. ಅಪ್ಪನಿಗೆ ಎದುರಾಡಿದವನಲ್ಲ. ತನ್ನ ಕಾಲಬೆರಳನ್ನೇ ನೋಡುತ್ತಾ ಮಾತು ತೆಗೆದ.

“ಎಪ್ಪಾ, ಒಂದ ಮಾತ.”

“ಹೇಳ.”

“ಒಳಗ ಬರಾಗ ಒಂದೀಟ ಕೆಮ್ಮಿ ಬಾ.”

ಮುರಿಗೆಪ್ಪ ಮಗನ ಕಡೆ ತಿರುಗಿದ. “ಕೆಮ್ಮೀನೋ. ಎರಡೂ ಸಲ ಕೆಮ್ಮೀನಿ.”

“ಆಕಿ ಕೇಳಿಲ್ಲಂತಾಳ.”

“ನಿಮ್ಮವ್ವನ ಆಣಿ, ಕೆಮ್ಮೀನಿ.”

“ಆತು ಬಿಡು,” ಎಂದ ಮಗ. ಅಪ್ಪನ ಮುಖ ನೋಡದೆ ಎದ್ದು ಒಳಗೆ ಹೋದ. ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಜಗಳಕ್ಕೆ ಬಿದ್ದಿದ್ದರೆ ಮುರಿಗೆಪ್ಪ ತಾನೂ ಕೂಗಾಡಿ ಹಗುರಾಗುತ್ತಿದ್ದ. ಸತ್ತ ಹೆಂಡತಿಯ ಆಣೆಯನ್ನೂ ಮಗ ಆತು ಬಿಡು ಎಂದು ಪಕ್ಕಕ್ಕಿಟ್ಟಿದ್ದ.

ಮಾರನೆಯ ಬೆಳಿಗ್ಗೆ ಅವನು ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬಯಲಿಗೆ ಹೋದ. ಅಲ್ಲಿ ಯಾರೂ ಇರಲಿಲ್ಲ, ಒಂದು ಆಡು ಮಾತ್ರ ಹತ್ತು ಮಾರು ದೂರದಲ್ಲಿ ಮುಳ್ಳುಗಿಡ ಮೇಯುತ್ತಿತ್ತು. ಮುರಿಗೆಪ್ಪ ಊರುಗೋಲನ್ನು ನೆಲಕ್ಕೂರಿ, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೆಮ್ಮಿದ. ಆಡು ಮೇಯುತ್ತಲೇ ಇತ್ತು. ನಾಲ್ಕು ಹೆಜ್ಜೆ ಹತ್ತಿರ ಹೋಗಿ ಮತ್ತೆ ಕೆಮ್ಮಿದ. ಆಡು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮೂರನೆಯ ಸಲ ಕೆಮ್ಮುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಅಲ್ಲೇ ಕೂತ. ಒಂದು ಕಾಲದಲ್ಲಿ ಓಣಿಯ ನಾಯಿಗಳನ್ನು ಓಡಿಸಿದ ಕೆಮ್ಮು ಅದು. ಆಗ ಅವನಿಗೆ ಎಲ್ಲವೂ ಅರ್ಥವಾಯಿತು.

ಅರ್ಥವಾದದ್ದನ್ನು ಹೋಗಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಕೆಮ್ಮಲು ಆಗುತ್ತಿಲ್ಲ ಎಂಬ ಮೂರು ಪದ ಸಾಕಿತ್ತು. ಆದರೆ ಮುರಿಗೆಪ್ಪನ ಬಾಯಿಂದ ಅದು ಹೊರಡಲಿಲ್ಲ. ಕಣ್ಣು ಮಂಜಾಯಿತು, ಮೊಣಕಾಲು ಹಿಡಿಯಿತು ಎಂದು ನಾಲ್ಕು ಜನರ ಮುಂದೆ ಹೇಳಬಹುದು, ಎಲ್ಲರೂ ಹೇಳುತ್ತಾರೆ. ಮನೆಯ ಹಿರಿಯನ ಕೆಮ್ಮೇ ಹೋಯಿತೆಂದರೆ ಅವನು ಹಿರಿಯನಾಗಿ ಉಳಿಯುವುದು ಯಾವುದರಿಂದ? ಮಾನಗೇಡಿ ಎನ್ನಿಸಿಕೊಳ್ಳುವುದೋ, ಕೈಲಾಗದವನು ಎನ್ನಿಸಿಕೊಳ್ಳುವುದೋ ಎಂದು ತೂಗುತ್ತಾ ಕೂತ ಅವನು, ಎರಡನ್ನೂ ಒಪ್ಪದೆ ಮೂರನೆಯದೊಂದು ದಾರಿ ಹಿಡಿದ. ಹಠಮಾರಿಗಳಿಗೆ ಇಂಥ ದಾರಿಗಳು ಬೇಗ ಸಿಗುತ್ತವೆ. ಮಗ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮನೆಗೇ ಹೋಗದಿದ್ದರಾಯಿತು.

ಬೆಳಿಗ್ಗೆ ಮಗನ ಜತೆಗೇ ಹೊರಟು ಈಶ್ವರನ ಗುಡಿಯ ಜಗಲಿ ಸೇರಿದರೆ, ಮಗ ವಾಪಸು ಬಂದ ಮೇಲೆ ಮನೆ ಸೇರುತ್ತಿದ್ದ. ಮಧ್ಯಾಹ್ನದ ಊಟವಿಲ್ಲ. ಕೇಳಿದರೆ “ಪುರಾಣ ಕೇಳಾಕತ್ತೀನಿ” ಎನ್ನುತ್ತಿದ್ದ. ಆ ಗುಡಿಯಲ್ಲಿ ಪುರಾಣ ನಡೆಯುವುದು ಶ್ರಾವಣದಲ್ಲಿ ಮಾತ್ರ ಎಂದು ಮಗನಿಗೂ ಗೊತ್ತು, ಸೊಸೆಗೂ ಗೊತ್ತು. ಯಾರೂ ಬಿಡಿಸಿ ಕೇಳಲಿಲ್ಲ. ಸಂಗವ್ವನಿಗೆ ಅವನು ತಪ್ಪಿಸಿಕೊಂಡು ತಿರುಗುವುದೇ ತಪ್ಪು ಮಾಡಿದ್ದಕ್ಕೆ ಸಾಕ್ಷಿಯಾಗಿ ಕಂಡಿತು. ರಾತ್ರಿ ತಟ್ಟೆ ಇಡುವಾಗ ಈಗ ಗೋಡೆಗೂ ಏನೂ ಹೇಳುತ್ತಿರಲಿಲ್ಲ.

ಜೂನಿನ ಮೊದಲ ಮಳೆಗೆ ಜಗಲಿಯ ಮೇಲೆ ಕೂತಲ್ಲೇ ತೊಯ್ದ. ನೆಗಡಿ ಎದೆಗಿಳಿಯಿತು. ಬೇರೆಯವರಾದರೆ ನಾಲ್ಕು ದಿನ ಕೆಮ್ಮಿ, ಕಫ ಉಗುಳಿ ಎದ್ದು ಓಡಾಡುತ್ತಿದ್ದರು. ಮುರಿಗೆಪ್ಪನ ಕಫ ಎದೆಯಲ್ಲೇ ಕೂತಿತು. ಎತ್ತಿ ಹೊರಗೆ ಹಾಕುವ ಬಲ ಇರಲಿಲ್ಲ. ಜ್ವರ ಏರಿತು, ಉಸಿರಾಡಿದರೆ ಒಳಗೆ ಗೊರಗೊರ. ಮೂರನೆಯ ದಿನ ಬೆಳಿಗ್ಗೆ ಮಗ ಮೊದಲ ಶಿಫ್ಟಿಗೆ ಹೋದ ಮೇಲೆ ಮಾವನ ತುಟಿ ನೀಲಿಗಟ್ಟಿದ್ದು ನೋಡಿ ಸಂಗವ್ವ ಮುನಿಗಂಗಮ್ಮನ ಹತ್ತಿರ ಓಡಿದಳು.

“ಗಂಡ ಬರೋಗಂಟ ಕಾಯ್ತಾ ಕೂತ್ರೆ ಆಗಲ್ಲ ಕಣಮ್ಮಿ,” ಎಂದಳು ಮುನಿಗಂಗಮ್ಮ. “ಮಗೀನ ಇಲ್ ಕೊಡು. ತಾತುನ್ನ ಡಾಕ್ಟ್ರು ಶಾಪಿಗೆ ಕರ್ಕೊಂಡ್ ಓಗು.”

ಆಟೋದಲ್ಲಿ ಸೊಸೆ ಆ ತುದಿಗೆ, ಮಾವ ಈ ತುದಿಗೆ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು ಹೋದರು.

ಡಾಕ್ಟರ್ ಮುಜಫ್ಫರ್ ಅವರದು ಮಾರ್ಕೆಟ್ ರಸ್ತೆಯಲ್ಲಿ ಒಂದೇ ಕೋಣೆಯ ಶಾಪು. ಎದೆಗೆ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಏನು ಕೆಲಸ ಮಾಡುತ್ತಿದ್ದಿರಿ ಎಂದು ವಿಚಾರಿಸಿದರು. ಆಮೇಲೆ ಮೇಜಿನ ಮೇಲಿನ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿ ಗೀರಿ, ಮುರಿಗೆಪ್ಪನ ಬಾಯಿಂದ ಒಂದು ಗೇಣು ದೂರ ಹಿಡಿದರು.

“ತಾತ, ಇದನ್ನ ಊದಿ ಆರ್ಸಿ. ತುಟಿ ಕೂಡಿಸ್ಬೇಡಿ, ಬಾಯಿ ಅಗಲವಾಗಿ ತೆಗ್ದೇ ಊದ್ಬೇಕು.”

ಇದೂ ಒಂದು ಪರೀಕ್ಷೆಯೇ ಎಂದುಕೊಂಡು ಮುರಿಗೆಪ್ಪ ಊದಿದ. ಉರಿ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಊದಿದ. ಕಡ್ಡಿ ಬುಡದವರೆಗೂ ಉರಿದು ಡಾಕ್ಟರ ಬೆರಳಿಗೆ ಬಂತು. ಅವರು ಎರಡನೆಯ ಕಡ್ಡಿ ಗೀರಿದರು, ಆಮೇಲೆ ಮೂರನೆಯದು. ಮೂರೂ ತಾವಾಗಿಯೇ ಆರಿದವು. ಒಂದೇ ಉಸಿರಿನಲ್ಲಿ ಎಣಿಸಿ ಎಂದರು. ಹನ್ನೊಂದಕ್ಕೆ ಉಸಿರು ಮುಗಿಯಿತು.

“ಈಗ ಜೋರಾಗಿ ಕೆಮ್ಮಿ ನೋಡೋಣ.”

ಮುರಿಗೆಪ್ಪ ತಲೆಯೆತ್ತಿದ. ಬಾಗಿಲ ಪಕ್ಕದಲ್ಲಿ, ನಾಲ್ಕು ಹೆಜ್ಜೆ ಆಚೆ, ಸಂಗವ್ವ ಸೆರಗು ಹೊದ್ದು ನಿಂತಿದ್ದಳು. ಅವಳನ್ನು ಹೊರಗೆ ಕಳಿಸಿ ಎನ್ನಬೇಕೆನ್ನಿಸಿತು. ಎನ್ನಲಾಗಲಿಲ್ಲ. ಎರಡೂ ಕೈಯಿಂದ ಕುರ್ಚಿ ಹಿಡಿದು, ಕಣ್ಣು ಮುಚ್ಚಿ ಕೆಮ್ಮಿದ. ಮಲಗಿದ ಮಗು ನಿದ್ದೆಯಲ್ಲಿ ಬಿಟ್ಟ ಉಸಿರಿನಷ್ಟು ಸದ್ದಾಯಿತು.

“ಇನ್ನೂ ಜೋರಾಗಿ.”

“ಇದ ಜೋರ್ರೀ,” ಎಂದ ಮುರಿಗೆಪ್ಪ. “ಇಷ್ಟ ಉಳದೈತಿ.”

ಡಾಕ್ಟರು ಸಂಗವ್ವನ ಕಡೆ ತಿರುಗಿದರು. ಅವರ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. “ಏನಮ್ಮ, ಮನೇಲಿ ಯಾರೂ ಗಮನಿಸ್ಲಿಲ್ವಾ? ವಯಸ್ಸಾಯ್ತು, ಹತ್ತಿ ಧೂಳು ಬೇರೆ ಅಷ್ಟು ವರ್ಷ ಕುಡಿದಿದ್ದಾರೆ. ಎದೆ ತಿದಿಯಲ್ಲಿ ಗಾಳೀನೇ ಇಲ್ಲ. ಈ ಕೆಮ್ಮು ಬಾಗಿಲಾಚೆಗೂ ಕೇಳಲ್ಲ. ಇನ್ನು ಕಫ ಹೇಗ್ ಈಚೆಗ್ ಬರತ್ತೆ?”

ಸಂಗವ್ವನ ಕೈ ಬಾಯಿಗೆ ಹೋಯಿತು. ಅವರು ಏಳು ದಿನದ ಇಂಜೆಕ್ಷನ್ ಬರೆದರು. ಆವಿ ತೆಗೆದುಕೊಳ್ಳಬೇಕು, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು, ಉಸಿರು ತುಂಬಾ ಎಳೆದು, ತಡೆದು ಕೆಮ್ಮಬೇಕು, ಅರ್ಧ ನೀರು ತುಂಬಿದ ಬಾಟ್ಲಿಗೆ ರಬ್ಬರ್ ಕೊಳವೆ ಬಿಟ್ಟು ದಿನಕ್ಕೆ ನಾಲ್ಕು ಸಲ ಗುಳ್ಳೆ ಬರುವಂತೆ ಊದಬೇಕು ಎಂದು ಅವಳಿಗೇ ಬಿಡಿಸಿ ಹೇಳಿದರು. ಅವಳು ತಲೆಯಾಡಿಸುತ್ತಾ ಕೇಳಿಸಿಕೊಂಡಳು.

ಹೊರಗೆ ಆಟೋಗೆ ಕಾಯುತ್ತಾ ನಿಂತಾಗ ಅವಳು ಮೊದಲ ಸಲ ಮಾವನ ಜತೆಗೇ ನೇರ ಮಾತಾಡಿದಳು.

“ಮಾವಾರ, ನಾ ನಿಮ್ಮ ಮ್ಯಾಲ ಭಾಳ ಕೆಟ್ಟ ವಿಚಾರ ಮಾಡಿದ್ನಿರಿ. ಇವರಿಗೂ ಹೇಳಿದ್ನಿ. ನನ್ನ ಬಾಯಾಗ ಹುಳಾ ಬೀಳಲಿ.”

“ಹಂಗೆಲ್ಲ ಅನಬಾರದವ್ವಾ,” ಎಂದ ಮುರಿಗೆಪ್ಪ, ರಸ್ತೆಯನ್ನೇ ನೋಡುತ್ತಾ. “ನಾನ ಹೇಳಬೇಕಿತ್ತು.”

ಆ ದಿನ ಸಂಜೆ ಮಗ ಬಂದು ಕಾಲು ಹಿಡಿದ. ಮುರಿಗೆಪ್ಪನಿಗೆ ಜ್ವರದಲ್ಲೂ ಮನಸ್ಸು ಹಗುರವಾಗಿತ್ತು. ಕಫ ಇನ್ನೂ ಎದೆಯಲ್ಲೇ ಇತ್ತು, ಆದರೆ ಅದಕ್ಕಿಂತ ಭಾರವಾದದ್ದು ಇಳಿದಿತ್ತು. ಒಂದೂವರೆ ತಿಂಗಳ ಮೇಲೆ ಅವನು ಸೊಸೆ ಕೊಟ್ಟ ಗಂಜಿಯನ್ನು ತಲೆಯೆತ್ತಿ ಕುಡಿದ.

ಎದ್ದು ಕೂರುವಂತಾದ ಮೇಲೆ ಬಾಟ್ಲಿ ಊದಲು ಹಿಡಿದ. ಮೊದಮೊದಲು ಒಂದೆರಡು ಗುಳ್ಳೆ, ಆಮೇಲೆ ಎಂಟು ಹತ್ತು. “ತಾತ ಸೋಡಾ ಫ್ಯಾಕ್ಟ್ರಿ ಇಟ್ಟವ್ರೆ” ಎಂದು ಮುನಿಗಂಗಮ್ಮ ವಠಾರಕ್ಕೆಲ್ಲ ಸಾರಿದಳು. ಅವನು ನಕ್ಕ, ಬಿಡದೆ ಊದಿದ. ಡಾಕ್ಟರು ಹೇಳಿದ್ದು ಕಫಕ್ಕಾಗಿ, ಅವನು ಊದುತ್ತಿದ್ದುದು ಬಾಗಿಲಿಗಾಗಿ. ಒಂದೇ ಒಂದು ಸಲ, ಹೊಸ್ತಿಲಾಚೆ ನಿಂತು ಕೆಮ್ಮಿ, ಒಳಗಿನವರಿಗೆ ಕೇಳಿಸಿ, ಎಲ್ಲವೂ ಮೊದಲಿನಂತೆ ಆಗಬೇಕು ಎಂಬುದೊಂದೇ ಅವನ ಆಸೆ.

ಶ್ರಾವಣದ ಒಂದು ಸೋಮವಾರ ಗುಡಿಗೆ ಹೋಗಿ ಮಧ್ಯಾಹ್ನ ಮನೆಗೆ ಬಂದ. ಬಾಗಿಲಿಗೆ ಚಿಲಕವಿರಲಿಲ್ಲ. ಊರುಗೋಲನ್ನು ಹೊಟ್ಟೆಗೊತ್ತಿ, ಉಸಿರು ತುಂಬಿಕೊಂಡು, ತಡೆದು ಕೆಮ್ಮಿದ. ಹಳೆಯ ಕೆಮ್ಮಿನ ಕಾಲು ಭಾಗವೂ ಅಲ್ಲ, ಆದರೂ ಕೆಮ್ಮೇ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಒಳಗೆ ಬಳೆಯ ಸದ್ದು ನಿಂತಿತು. ಕೇಳಿಸಿತು ಅವಳಿಗೆ. ಮುರಿಗೆಪ್ಪನ ಕಣ್ಣು ತುಂಬಿ ಬಂತು. ಐದರ ಬದಲು ಹತ್ತು ಎಣಿಸಿ, ಬಾಗಿಲು ತಳ್ಳಿ ಒಳಗೆ ಬಂದ.

ಸಂಗವ್ವ ಕೂತಲ್ಲೇ ಕೂತಿದ್ದಳು. ಕೂದಲು ಬಿಚ್ಚಿ ಎಣ್ಣೆ ಹಚ್ಚಿಕೊಂಡಿದ್ದಳು, ತೊಡೆಯ ಮೇಲೆ ಕೂಸು ಹಾಲು ಕುಡಿಯುತ್ತಿತ್ತು. ಸೆರಗು ನೆಲದ ಮೇಲಿತ್ತು. ಮುರಿಗೆಪ್ಪ ಕಣ್ಣು ಕೆಳಗೆ ಹಾಕಿ, ಅವಳು ಎಳೆದುಕೊಳ್ಳಲಿ ಎಂದು ನಿಂತ. ಅವಳು ಎಳೆದುಕೊಳ್ಳಲಿಲ್ಲ.

“ಕೇಳಿಸ್ತ್ರೀ ಮಾವಾರ, ಚಲೋ ಕೇಳಿಸ್ತು,” ಎಂದಳು. ದನಿಯಲ್ಲಿ ಅಕ್ಕರೆ ತುಂಬಿತ್ತು. “ಬರ್ರಿ, ನಿಂತ್ರ್ಯಾಕ? ನಿಮ್ಮ ಮುಂದ ನನಗಿನ್ನೆಂಥಾ ನಾಚಿಕಿ. ಈ ಕೂಸ ಹೆಂಗೋ ನೀವೂ ನನಗ ಹಂಗ.”

ಅವಳು ಮನಸಾರೆ ಹೇಳಿದ ಮಾತು ಅದು, ಅದು ಅವನಿಗೆ ಗೊತ್ತಾಯಿತು. ಹೇಸಿಗೆಯಿಂದ ನೋಡಿದ ದಿನ ಅವಳ ಕಣ್ಣಿನಲ್ಲಿ ಅವನು ಕೆಟ್ಟವನಾಗಿದ್ದ, ಆದರೂ ಒಬ್ಬ ಗಂಡಸಾಗಿದ್ದ. ಮುರಿಗೆಪ್ಪ ಅವಳಿಗೆ ಬೆನ್ನು ಹಾಕಿ ಕೂತ. ಅವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಎದ್ದು ಬಂದು ತಟ್ಟೆ ಇಟ್ಟಳು, ರೊಟ್ಟಿಯನ್ನು ಚೂರು ಮಾಡಿ ಪಲ್ಯದಲ್ಲಿ ನೆನೆಸಿ ಕೊಟ್ಟಳು. ಅವನು ತಲೆ ಬಗ್ಗಿಸಿ ತಿಂದ. ಇನ್ನೊಂದು ಹಾಕಲೇ ಎಂದು ಕೇಳಿದ್ದಕ್ಕೆ ಸಾಕು ಎಂದು ಕೈಯಾಡಿಸಿದ.